ತೋಟದ ಬದುವಿನ ಮೇವು

ದೇವರ ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು ಮನೆಯವರಿಗೆ ಮಾತ್ರವಲ್ಲ, ಕೊಟ್ಟಿಗೆಯ ದನಗಳಿಗೂ ವಿಶ್ರಾಂತಿಯನ್ನು ನೇಮಿಸುತ್ತದೆ. ಆದರೆ ಹಸಿದ ಪಶುವಿಗೆ ವಿಶ್ರಾಂತಿ ಎಲ್ಲಿಯದು? ದಂಡಿನಶಿವರದ ಸೀಮೆಯಲ್ಲಿ ಬೇಸಿಗೆ ಬಲಿತಾಗ ಹುಲ್ಲಿನ ಬಣವೆ ಕರಗಿ, ಕರೆಯುವ ಹಸುವನ್ನೇ ಸಿಕ್ಕಿದ ಬೆಲೆಗೆ ಮಾರುವವರುಂಟು. ಮಾರಿದ ಮೇಲೆ ಮಕ್ಕಳಿಗೆ ಹಾಲಿಲ್ಲ, ತೆಂಗಿಗೆ ಗೊಬ್ಬರವಿಲ್ಲ. ಆದಕಾರಣ ಬದುವಿನ ಮೇಲೆ ಬೆಳೆಯಬಲ್ಲ ಒಂದು ಗಿಡವನ್ನು ಕುರಿತು ಈ ತಿಂಗಳು ಕಲಿಯೋಣ.

1. ಗಿಡದ ಗುಣ. ನಾವು ಗೊಬ್ಬರದ ಗಿಡವೆನ್ನುವ ಗ್ಲಿರಿಸಿಡಿಯದ ಮೂಲಸ್ಥಾನವು ಮೆಕ್ಸಿಕೊ ಮತ್ತು ಮಧ್ಯ ಅಮೇರಿಕ. ಅಲ್ಲಿ ಕೋಕೋ ಗಿಡಗಳಿಗೆ ನೆರಳಾಗಿ ನೆಡುವದರಿಂದ ಇದಕ್ಕೆ ‘ಕೋಕೋವಿನ ತಾಯಿ’ ಎಂದು ಹೆಸರು. ಇದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸಾರ ಕೊಡುತ್ತವೆ. ಒಣಗಿದ ಎಲೆಯಲ್ಲಿ ನೂರಕ್ಕೆ ಸುಮಾರು 20 ಭಾಗ ಸಸಾರಜನಕವಿದೆ. ರಾಗಿಹುಲ್ಲಿನಲ್ಲಿ ಅದರ ಕಾಲುಭಾಗವೂ ಇಲ್ಲ.

2. ನೆಡುವ ಕ್ರಮ. ಮುಂಗಾರಿನ ಮೊದಲಲ್ಲಿ ಬಲಿತ ಕೊಂಬೆಯ ಮೂರಡಿಯ ತುಂಡುಗಳನ್ನು ಬದುವಿನಲ್ಲಿ ನೆಡಬೇಕು. ಮೊದಲ ವರುಷ ಕೊಯ್ಯದೆ ಬಿಟ್ಟು, ಬಳಿಕ ಎರಡು ಮೂರು ತಿಂಗಳಿಗೊಮ್ಮೆ ಮೂರಡಿ ಎತ್ತರಕ್ಕೆ ಸವರಬೇಕು. ಸವರದ ಗಿಡವು ಚಳಿಗಾಲದ ಕೊನೆಗೆ ಎಲೆಯುದುರಿಸಿ ನಸುಗೆಂಪು ಹೂವನ್ನು ಬಿಡುತ್ತದೆ. ನೋಟಕ್ಕೆ ಅಂದವೇ ಸರಿ, ಮೇವಿಗೆ ಎಲೆಯಿರದು. ಕುಡುಗೋಲನ್ನು ಕಂಡ ಗಿಡವೇ ಬೇಸಿಗೆಯಲ್ಲಿ ಹಸುರಾಗಿ ನಿಲ್ಲುವದು.

3. ತಿನ್ನಿಸುವ ಕ್ರಮ. ಹಸಿ ಎಲೆಯ ವಾಸನೆಗೆ ದನಗಳು ಮೊದಲು ಮುಖ ತಿರುಗಿಸುತ್ತವೆ. ಒಂದು ರಾತ್ರಿ ಹರಡಿ ಬಾಡಿಸಿ, ಬೆಲ್ಲದ ಇಲ್ಲವೆ ಉಪ್ಪಿನ ನೀರನ್ನು ಚಿಮುಕಿಸಿ, ಹುಲ್ಲಿನೊಡನೆ ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು. ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲನ್ನು ಮೀರಬಾರದು.

4. ಎಚ್ಚರಿಕೆ. ಗ್ಲಿರಿಸಿಡಿಯವೆಂಬ ಹೆಸರಿಗೆ ಇಲಿಯನ್ನು ಕೊಲ್ಲುವಂಥದೆಂದು ಅರ್ಥ. ಮೂಲದೇಶದವರು ಇದರ ಬೀಜವನ್ನೂ ತೊಗಟೆಯನ್ನೂ ಇಲಿಪಾಷಾಣವಾಗಿ ಬಳಸುತ್ತಿದ್ದರು. ಮೆಲುಕು ಹಾಕುವ ದನ, ಕುರಿ, ಮೇಕೆಗಳಿಗೆ ಎಲೆಯನ್ನು ಮಿತವಾಗಿ ಕೊಡಬಹುದು. ಕುದುರೆಗೂ ನಾಯಿಗೂ ಇದು ವಿಷ. ರಾಶಿಯಲ್ಲಿ ಬೂಷ್ಟು ಹಿಡಿದ ಎಲೆಯನ್ನು ಯಾವ ಪಶುವಿಗೂ ಹಾಕಬಾರದು. ಸಂದೇಹವಿದ್ದವರು ತಿಪಟೂರು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಪ್ರಿಯರೇ, ಭಾನುವಾರದ ಮೇವನ್ನು ಶನಿವಾರ ಸಂಜೆಯೇ ಕೊಯ್ದಿಟ್ಟರೆ ಅದು ಬೆಳಗಾಗುವಷ್ಟರಲ್ಲಿ ಬಾಡಿ ಹಿತವಾಗಿರುವದು. ಹುಲ್ಲು ತರುವ ನೆವದಿಂದ ಯಾರೂ ಆರಾಧನೆಯನ್ನು ತಪ್ಪಿಸಬೇಕಾಗಿಲ್ಲ. ಮತ್ತೊಂದು ಮಾತು. ರೂತಳ ಕಾಲದಲ್ಲಿ ಹೊಲದವರು ಬಡವರಿಗಾಗಿ ತೆನೆಗಳನ್ನು ಬಿಡುತ್ತಿದ್ದರಲ್ಲವೇ? ನಮ್ಮ ಸಭೆಯಲ್ಲಿಯೂ ಬದುವಿಲ್ಲದೆ ಒಂದು ಮೇಕೆಯನ್ನು ಕಟ್ಟಿಕೊಂಡಿರುವ ವಿಧವೆಯರಿದ್ದಾರೆ. ಬದುವಿದ್ದವರು ನೆಡುವಾಗಲೇ ಹತ್ತು ಗಿಡಗಳಲ್ಲಿ ಒಂದನ್ನು ಅವರ ಪಾಲೆಂದು ಎಣಿಸಿ ನೆಡೋಣ.