ನಾಚಿಕೆ ಬಿಟ್ಟು ಕೇಳೋಣ: ವೃಷಣದ ಗಂಟುಗಳು



ಸ್ತನದಲ್ಲಿ ಗಂಟು ಕಂಡರೆ ಕೂಡಲೇ ತೋರಿಸಬೇಕೆಂದು ನಾವು ಸಂಘದಲ್ಲಿ ಕಲಿತಿದ್ದೇವೆ. ಗಂಡಸರ ವೃಷಣದಲ್ಲೂ (ಬೀಜ) ಗಂಟು ಬರುತ್ತದೆ. ಮಗ ನಾಚಿಕೆಯಿಂದ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಎಲ್ಲಾ ಊತವೂ ಕ್ಯಾನ್ಸರ್ ಅಲ್ಲ:

1. ಹೈಡ್ರೋಸೀಲ್: ವೃಷಣದ ಸುತ್ತ ನೀರು ತುಂಬುವುದು.
2. ವೆರಿಕೋಸೀಲ್: ರಕ್ತನಾಳಗಳು ಉಬ್ಬುವುದು.
3. ಸೋಂಕು: ನೋವು, ಊತ, ಕೆಲವೊಮ್ಮೆ ಜ್ವರ.
4. ವೃಷಣ ತಿರುಚಿಕೊಳ್ಳುವುದು: ಹುಡುಗರಿಗೆ ಇದ್ದಕ್ಕಿದ್ದಂತೆ ವಿಪರೀತ ನೋವು, ವಾಂತಿ. ರಕ್ತ ಹರಿಯುವುದು ನಿಲ್ಲುತ್ತದೆ. 6 ಗಂಟೆಯೊಳಗೆ ಆಪರೇಷನ್ ಆದರೆ ಹೆಚ್ಚಾಗಿ ವೃಷಣ ಉಳಿಯುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ.

ಕ್ಯಾನ್ಸರ್ ಹೇಗಿರುತ್ತದೆ?

ಹೆಚ್ಚಾಗಿ 15ರಿಂದ 35 ವರ್ಷದವರಿಗೆ ಬರುತ್ತದೆ. ವೃಷಣದೊಳಗೆ ಗಟ್ಟಿ ಗಂಟು, ಸಾಮಾನ್ಯವಾಗಿ ನೋವಿಲ್ಲ. ನೋವಿಲ್ಲವೆಂದೇ ಸುಮ್ಮನಿರುತ್ತಾರೆ, ತೋಟದ ಕೆಲಸದಲ್ಲಿ ಪೆಟ್ಟಾಗಿರಬೇಕು ಅಂದುಕೊಳ್ಳುತ್ತಾರೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಮಾಡಿಸಿ. ಕ್ಯಾನ್ಸರ್ ಎಂಬ ಅನುಮಾನ ಬಲವಾದರೆ ತೊಡೆಸಂದಿಯ ಮೂಲಕ ಆ ವೃಷಣವನ್ನು ತೆಗೆದು ಪರೀಕ್ಷಿಸುತ್ತಾರೆ. ಬೇಗ ಪತ್ತೆಯಾದರೆ 100ರಲ್ಲಿ 90ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಇನ್ನೊಂದು ವೃಷಣ ಚೆನ್ನಾಗಿದ್ದರೆ ಗಂಡಸುತನ ಹೋಗುವುದಿಲ್ಲ, ಮಕ್ಕಳೂ ಆಗಬಹುದು.

ತಾಯಂದಿರು ಗಮನಿಸಿ: ಗಂಡುಮಗುವಿಗೆ 6 ತಿಂಗಳಾದರೂ ವೃಷಣ ಚೀಲಕ್ಕೆ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು.

ಹುದಿಕೇರಿಯವರು ಮೊದಲು ಗೋಣಿಕೊಪ್ಪದ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು. ಹೆಚ್ಚಿನ ಚಿಕಿತ್ಸೆಗೆ ಮಡಿಕೇರಿಯ ವೈದ್ಯಕೀಯ ಕಾಲೇಜು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇವೆ.

ಸಂಘದಲ್ಲಿ ಚರ್ಚಿಸಿ: ಮನೆಯ ಗಂಡುಮಕ್ಕಳ ಹತ್ತಿರ ಈ ಮಾತನ್ನು ಯಾರು, ಹೇಗೆ ಶುರುಮಾಡಬಹುದು?