ಮೋಟಾರು ಕಟ್ಟುವವನ ಕಾಯಕ



ಬಾವಿಯ ಮೋಟಾರು ಸುಟ್ಟರೆ ಏನಾಗುತ್ತದೆಂದು ಅಕ್ಕಲಕೋಟ, ಜತ್ತ ಸೀಮೆಯ ರೈತರಿಗೆ ಹೇಳಬೇಕಾಗಿಲ್ಲ. ಬೆಳೆ ಒಣಗುತ್ತಿರುವಾಗ ನಾವು ‘ನಾಳೆಯೇ ಬೇಕು’ ಎಂದು ಮೇಸ್ತ್ರಿಗೆ ಗಡಿಬಿಡಿ ಮಾಡುತ್ತೇವೆ. ಆ ಗಡಿಬಿಡಿಯಲ್ಲೂ ಕ್ರಮ ತಪ್ಪದವನೇ ನಿಜವಾದ ಕಾಯಕಜೀವಿ.

ಅಂಥವನನ್ನು ಗುರುತಿಸುವುದು ಹೇಗೆ? ಹಳೆಯ ತಂತಿ ಕೀಳುವ ಮೊದಲೇ ಅವನು ಸುತ್ತುಗಳನ್ನು ಎಣಿಸಿ, ತಂತಿಯ ದಪ್ಪ ಅಳೆದು, ಜೋಡಣೆಯನ್ನು ಬರೆದಿಡುತ್ತಾನೆ. ಅಷ್ಟೇ ದಪ್ಪದ ತಂತಿಯನ್ನು ಅಷ್ಟೇ ಸುತ್ತು ಸುತ್ತುತ್ತಾನೆ. ತಂತಿ ಕೂಡುವ ಪ್ರತಿ ಸಂದಿಗೂ ಹೊಸ ಕಾಗದ ಹಾಸುತ್ತಾನೆ. ವಾರ್ನಿಷ್ ಒಳಗಿನ ತನಕ ಒಣಗಲು ಬಿಡುತ್ತಾನೆ. ಕೊನೆಗೆ ಮೆಗ್ಗರ್ ಹಚ್ಚಿ, ಮೋಟಾರಿನ ಮೈಗೆ ಕರೆಂಟು ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಒದ್ದೆ ಕೈಯಿಂದ ಅದನ್ನು ಮುಟ್ಟುವ ರೈತನ ಜೀವ ಈ ಪರೀಕ್ಷೆಯಲ್ಲಿದೆ.

ಇಷ್ಟಾದರೂ ಅವನ ಕೆಲಸ ಮುಗಿಯದು. ‘ಏಕೆ ಸುಟ್ಟಿತು?’ ಎಂದು ಹುಡುಕುತ್ತಾನೆ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ತಂತಿ ಸುಡುತ್ತದೆ. ಬೇರಿಂಗ್ ಹಿಡಿದುಕೊಂಡರೂ ಸುಡುತ್ತದೆ. ಕಾರಣ ತಿದ್ದದಿದ್ದರೆ ಹೊಸ ತಂತಿಯೂ ಸುಟ್ಟೀತು.

ಗಂಡ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು 12ನೆಯ ಶತಮಾನದ ಶರಣೆ ಲಕ್ಕಮ್ಮ ಹಿಂದಿರುಗಿಸಿದ ಕಥೆ ನಮಗೆಲ್ಲ ಗೊತ್ತು. ಬೇರಿಂಗ್ ಮಾತ್ರ ಕೆಟ್ಟಾಗ ವೈಂಡಿಂಗ್ ಲೆಕ್ಕ ಬರೆಯದ ಮೇಸ್ತ್ರಿ ಅದೇ ದಾರಿಯವನು.

ನಮ್ಮ ಪಾಲಿನ ಕಾಯಕವೂ ಇದೆ. ರೈತರು ವಾರ್ನಿಷ್ ಒಣಗುವಷ್ಟು ದಿನ ತಾಳಿಕೊಳ್ಳೋಣ, ಕೂಲಿ ಬಾಕಿ ಇಡದಿರೋಣ. ವ್ಯಾಪಾರಸ್ಥರು ದಪ್ಪ ತಂತಿಯ ಬೆಲೆಗೆ ತೆಳು ತಂತಿ ಕೊಡದಿರೋಣ.