ಬೋರ್ ನೀರಿಗೆ ಒಗ್ಗುವ ಬಣ್ಣ

ಡೇರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆದಿಟ್ಟಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಹಜಾರದ ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಲೈಟು ಹಾಕಿದೆ. ದೊಡ್ಡ ಏಂಜಲ್ ಮೀನು ಗಾಜಿಗೆ ಅಂಟಿಕೊಂಡಂತೆ ನಿಂತಿತ್ತು. ಅದರ ಬಾಯಿಂದ ಒಂದು ನಿಯಾನ್ ಟೆಟ್ರಾದ ಬಾಲ ಆಚೆ ಉಳಿದಿತ್ತು, ಬಾಲದ ಬುಡದ ಕೆಂಪು ಇನ್ನೂ ಮಾಸಿರಲಿಲ್ಲ. ಎಣಿಸಿದೆ. ಹತ್ತು ತಂದಿದ್ದರಲ್ಲಿ ನಾಲ್ಕು ಉಳಿದಿದ್ದವು. ಮಗ ಎದ್ದ ತಕ್ಷಣ ತೊಟ್ಟಿಯ ಮುಂದೆ ಬಂದು ಕೂರುತ್ತಾನೆ, ಅವನಿಗೆ ಏನು ಹೇಳಲಿ ಅನ್ನುವುದೇ ಆ ಹೊತ್ತಿನ ಚಿಂತೆ. ದುಡ್ಡಿನ ಲೆಕ್ಕ ತಲೆಗೆ ಬಂದದ್ದು ಆಮೇಲೆ.

ಈ ಅಂಕಣದಲ್ಲಿ ಚೀಟಿ ವ್ಯವಹಾರ, ಒಡವೆ ಸಾಲ, ಹಸುವಿನ ವಿಮೆ ಎಲ್ಲದರ ಬಗ್ಗೆ ಬರೆದಿದ್ದೇನೆ. ಮೀನಿನ ತೊಟ್ಟಿಯ ಬಗ್ಗೆ ಬರೆಯಲು ಕಾರಣವಿದೆ. ನಮ್ಮ ಗುಡೇಮಾರನಹಳ್ಳಿಯಲ್ಲಿ, ನಮ್ಮ ಬೀದಿಯಲ್ಲೇ, ಈ ವರ್ಷ ಮೂರು ಮನೆಗೆ ತೊಟ್ಟಿ ಬಂತು. ಮೂರೂ ಮನೆಯವರು ನಾನು ಮಾಡಿದ ಖರ್ಚನ್ನೇ ಮಾಡುತ್ತಿದ್ದಾರೆ. ತೊಟ್ಟಿ ಕೊಳ್ಳುವಾಗ ಮನೆಯವರೆಲ್ಲ ಕೂತು ಚರ್ಚೆ ಮಾಡುತ್ತೇವೆ. ಆಮೇಲೆ ವಾರಕ್ಕೊಮ್ಮೆ ನೂರು, ಇನ್ನೂರು ಎಂದು ಮೀನಿಗೆ, ಔಷಧಿಗೆ ಹೋಗುವ ದುಡ್ಡನ್ನು ಯಾರೂ ಬರೆದಿಡುವುದಿಲ್ಲ.

ನಾನು ಬರೆದಿಟ್ಟಿದ್ದೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಗೆ 1,400 ರೂಪಾಯಿ. ಲೈಟಿನ ಮುಚ್ಚಳಕ್ಕೆ 650, ಗಾಳಿ ಮೋಟರಿಗೆ 280, ಐದು ಕಿಲೋ ಜಲ್ಲಿಗೆ 200, ಪ್ಲಾಸ್ಟಿಕ್ ಗಿಡಕ್ಕೆ 150. ಒಟ್ಟು 2,680. ಇದು ಒಂದೇ ಸಲದ ಖರ್ಚು, ಇದರ ಬಗ್ಗೆ ನನಗೆ ಬೇಸರವಿಲ್ಲ. ಮೊದಲ ದಿನದ ಮೀನಿನ ಪಟ್ಟಿ ನೋಡಿ: ನಿಯಾನ್ ಟೆಟ್ರಾ ಹತ್ತು, ಏಂಜಲ್ ಎರಡು, ಟೈಗರ್ ಬಾರ್ಬ್ ನಾಲ್ಕು, ಗೋಲ್ಡ್ ಫಿಶ್ ಒಂದು ಜೋಡಿ, ಗಾಜು ಸ್ವಚ್ಛ ಮಾಡುತ್ತದೆಂದು ಒಂದು ಸಕ್ಕರ್. ಅದಕ್ಕೆ 820 ರೂಪಾಯಿ. ಸತ್ತವುಗಳ ಬದಲಿಗೆ ತಂದದ್ದು ಒಮ್ಮೆ 540, ಮತ್ತೊಮ್ಮೆ 460. ನೀಲಿ ಔಷಧಿ, ಹಳದಿ ಔಷಧಿ ಎಂದು 300. ನಾಲ್ಕು ತಿಂಗಳಿಗೆ 2,120. ನಮ್ಮ ಎರಡು ಹಸುಗಳು ಮೂರು ದಿನ ಕರೆದ ಹಾಲಿನ ದುಡ್ಡು ಅದು. ಅಷ್ಟು ಸುರಿದ ಮೇಲೆ ತೊಟ್ಟಿಯಲ್ಲಿ ಉಳಿದಿದ್ದು ಎರಡು ಏಂಜಲ್ ಮತ್ತು ಆ ಸಕ್ಕರ್.

ಆ ಪಟ್ಟಿಯಲ್ಲಿ ಏನು ತಪ್ಪಿದೆ ಎಂದು ಈಗ ಒಂದೊಂದಾಗಿ ಹೇಳಬಲ್ಲೆ. ಏಂಜಲ್ ಬಾಯಿಗೆ ಹಿಡಿಸುವ ಮೀನನ್ನು ತಿನ್ನುತ್ತದೆ, ನಿಯಾನ್ ಅದರ ಬಾಯಿಗೆ ಸರಿಯಾದ ತುತ್ತು. ಟೈಗರ್ ಬಾರ್ಬಿಗೆ ಉದ್ದ ರೆಕ್ಕೆ ಕಂಡರೆ ಕಚ್ಚುವ ಚಾಳಿ. ನಮ್ಮ ಏಂಜಲ್‌ಗಳ ಇಳಿಬಿದ್ದ ರೆಕ್ಕೆ ವಾರದೊಳಗೆ ಹರಿದ ಬಾಳೆ ಎಲೆಯ ಹಾಗಾಗಿತ್ತು. ಗೋಲ್ಡ್ ಫಿಶ್ ತಣ್ಣನೆಯ ನೀರಿನ ಮೀನು, ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ. ಅಂಗಡಿಯಲ್ಲಿ ಎರಡಿಂಚು ಇದ್ದದ್ದು ಬೆಳೆದರೆ ಗೇಣುದ್ದ ಮೀರುವಂಥದ್ದು, ಈ ತೊಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಸಕ್ಕರ್ ಒಂದಡಿಗೂ ಮೇಲೆ ಬೆಳೆಯುತ್ತದೆ. ಬೆಳೆದದ್ದನ್ನು ಕೆರೆಗೆ ಬಿಟ್ಟು ಬಿಟ್ಟು ಈಗ ನಮ್ಮ ಕೆರೆಗಳ ಬಲೆಗೆ ಅದೇ ಬೀಳುತ್ತಿದೆ. ಅದರ ಮುಳ್ಳು ಮೈಗೆ ಬಲೆ ಹರಿಯುತ್ತದೆ, ಮಾರಲು ಹೋದರೆ ಕೊಳ್ಳುವವರಿಲ್ಲ.

ಇಷ್ಟೆಲ್ಲ ಬೇರೆ ಬೇರೆ ಸ್ವಭಾವದ ಮೀನುಗಳನ್ನು ಒಂದೇ ಕವರಿನಲ್ಲಿ ತಂದದ್ದು ಬಣ್ಣ ನೋಡಿ. ನಾನೂ ಚಿಕ್ಕವಳಿದ್ದಾಗ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯಕ್ಕೆ ಅಪ್ಪನ ಕೈ ಹಿಡಿದು ಹೋಗಿದ್ದೆ. 1983ರಲ್ಲಿ ಶುರುವಾದ ಆ ಮತ್ಸ್ಯಾಲಯದ ಕತ್ತಲಲ್ಲಿ ಒಂದೊಂದು ಗಾಜಿನ ಹಿಂದೆ ಒಂದೊಂದು ಬಣ್ಣ. ಅಲ್ಲಿ ಒಂದು ಜಾತಿಗೆ ಒಂದು ತೊಟ್ಟಿ ಇತ್ತು ಅನ್ನುವುದನ್ನು ನನ್ನ ಕಣ್ಣು ಆಗ ಗಮನಿಸಿರಲಿಲ್ಲ. ಮನೆಯಲ್ಲಿ ಎಲ್ಲ ಬಣ್ಣವೂ ಒಂದೇ ತೊಟ್ಟಿಯಲ್ಲಿ ಇರಬೇಕೆಂದು ಆಸೆಪಟ್ಟೆ.

ದಾರಿ ತೋರಿಸಿದ್ದು ನಮ್ಮ ಅತ್ತೆ. ಮೂರನೇ ಸಲ ತಂದ ನಿಯಾನ್‌ಗಳೂ ಬಣ್ಣ ಬಿಟ್ಟು ತಳ ಸೇರಿದ ದಿನ, ನೀರು ಬದಲಿಸಲು ಬಕೆಟ್ ಹಿಡಿದು ನಿಂತಿದ್ದೆ. ಅತ್ತೆ ಹಸುವಿಗೆ ಬೂಸಾ ಕಲಸುತ್ತಾ ಕೇಳಿದರು:

“ಅಲ್ಲ ಕಣವ್ವ, ಕೊಟ್ಟಿಗೆ ಪಕ್ಕದ ತೊಟ್ಟೀಲಿ ಇರೋ ಮೀನು ಮೂರು ವರ್ಷದಿಂದ ಸಾಯ್ದೆ ಅವೆಯಲ್ಲ, ಅವಕ್ಕೂ ಇದೇ ಬೋರ್ ನೀರು ತಾನೆ?”

ಹೌದಲ್ಲ! ಆ ಸಿಮೆಂಟು ತೊಟ್ಟಿಗೆ ಮೀನು ಬಿಟ್ಟವರು ಆರೋಗ್ಯ ಇಲಾಖೆಯವರು. ಡೆಂಗಿ ಹೆಚ್ಚಾದ ವರ್ಷ ಆಶಾ ಕಾರ್ಯಕರ್ತೆಯ ಜೊತೆ ಬಂದು, ಸೊಳ್ಳೆ ಮರಿ ತಿನ್ನುತ್ತವೆ ಎಂದು ಒಂದು ಹಿಡಿ ಗಪ್ಪಿ ಬಿಟ್ಟು ಹೋಗಿದ್ದರು. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ನಮ್ಮ ತೊಟ್ಟಿಯವು ಬೂದು ಬಣ್ಣದ ಸಣ್ಣ ಮೀನು, ಗಂಡಿನ ಮೈಮೇಲೆ ಮಾತ್ರ ಒಂದು ಕಿತ್ತಳೆ ಚುಕ್ಕೆ. ಅಂಗಡಿಯಲ್ಲಿ ಬೀಸಣಿಗೆಯಂಥ ಬಾಲ ಬಿಟ್ಟುಕೊಂಡು ಓಡಾಡುವ ಕೆಂಪು, ನೀಲಿ ಗಪ್ಪಿಗಳೂ ಇದೇ ಜಾತಿಯವು. ಬಣ್ಣ ನೋಡಿ ಆರಿಸಿ ಆರಿಸಿ ತಳಿ ಮಾಡಿದ್ದಾರೆ ಅಷ್ಟೆ.

ನಮ್ಮ ಕಡೆಯ ಬೋರ್ ನೀರು ಬಂಡೆಯ ಬಿರುಕಿನಿಂದ ಬರುವ ನೀರು, ಸುಣ್ಣದಂಶ ಜಾಸ್ತಿ. ಇದನ್ನು ತಿಳಿಯಲು ಪರೀಕ್ಷೆಯ ಕಿಟ್ಟೇನೂ ಬೇಕಿಲ್ಲ. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ನಿಯಾನ್ ಟೆಟ್ರಾದ ಮೂಲ ಅಮೆಜಾನ್ ಕಾಡಿನ ಮೆದು ನೀರು. ಅದನ್ನು ಈ ಗಡಸು ನೀರಿಗೆ ಬಿಟ್ಟು, ಸತ್ತಾಗ ಔಷಧಿಗೆ ದುಡ್ಡು ಕೊಡುತ್ತಿದ್ದೆ. ಗಪ್ಪಿ, ಮೊಲ್ಲಿ, ಪ್ಲಾಟಿ, ಕತ್ತಿಬಾಲದ ಸ್ವೋರ್ಡ್‌ಟೇಲ್, ಅಂದರೆ ಮೊಟ್ಟೆ ಇಡದೆ ನೇರ ಮರಿ ಹಾಕುವ ಮೀನುಗಳೆಲ್ಲ ಗಡಸು ನೀರಿನಲ್ಲೇ ಸುಖವಾಗಿರುತ್ತವೆ. ಬಣ್ಣದಲ್ಲೂ ಅವು ಯಾವುದಕ್ಕೂ ಕಡಿಮೆಯಿಲ್ಲ, ಬೆಲೆ ಮಾತ್ರ ಅರ್ಧ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ತುಂಬಿಸಿ ನಿಯಾನ್ ಸಾಕಬಹುದು ಎಂದವರೂ ಇದ್ದಾರೆ. ಆ ನೀರಿನಲ್ಲಿ ಖನಿಜ ತೀರಾ ಕಡಿಮೆ, ಬರೀ ಅದನ್ನೇ ತುಂಬಿದರೆ ಮೀನಿಗೆ ಒಳ್ಳೆಯದಲ್ಲ. ಬೋರ್ ನೀರಿನ ಜೊತೆ ಅಳತೆ ಮಾಡಿ ಬೆರೆಸಬೇಕು, ಪ್ರತಿ ವಾರ ಅದೇ ಅಳತೆ ತಪ್ಪದೆ. ಹಾಲು, ಹುಲ್ಲು, ಮಕ್ಕಳ ಸ್ಕೂಲು ಅಂತ ಓಡಾಡುವ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಮನೆಯ ನಲ್ಲಿಯಲ್ಲಿ ಬರುವ ನೀರಿಗೆ ಒಗ್ಗುವ ಮೀನನ್ನೇ ತರಬೇಕು. ಕಾವೇರಿ ನೀರು ಬರುವ ಮನೆಯವರದು ಬೇರೆ ಲೆಕ್ಕ. ಅವರು ನೀರಿನ ಕ್ಲೋರಿನ್ ತೆಗೆಯದೆ ಮೀನು ಬಿಡಬಾರದು.

ಇನ್ನೊಂದು ತಪ್ಪೂ ಆಗಿತ್ತು, ಅದು ಮೀನಿನ ಜಾತಿಗೆ ಸಂಬಂಧಿಸಿದ್ದಲ್ಲ. ಬೆಳಿಗ್ಗೆ ತೊಟ್ಟಿ ತುಂಬಿಸಿ ಸಂಜೆ ಮೀನು ಬಿಟ್ಟಿದ್ದೆ. ಮೀನಿನ ಹೊಲಸು ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ನಮ್ಮಂಥ ಗಡಸು, ಕ್ಷಾರದ ನೀರಿನಲ್ಲಿ ಅದರ ವಿಷ ಇನ್ನೂ ಜಾಸ್ತಿ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಜೀವಿಗಳು ಜಲ್ಲಿಯಲ್ಲಿ, ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದಕ್ಕೂ ಹೆಪ್ಪು ಹಾಕಬಹುದು. ಹಳೆಯ ತೊಟ್ಟಿ ಇಟ್ಟುಕೊಂಡವರ ಮನೆಯ ಸ್ಪಂಜನ್ನು ಹೊಸ ತೊಟ್ಟಿಯ ನೀರಿನಲ್ಲಿ ಹಿಂಡಿದರೆ ಕೆಲಸ ಬೇಗ ಆಗುತ್ತದೆ. ನನ್ನ 2,120 ರೂಪಾಯಿಯಲ್ಲಿ ಅರ್ಧಕ್ಕೂ ಹೆಚ್ಚು ಅಷ್ಟು ವಾರ ಕಾಯದ್ದರಿಂದಲೇ ಹೋದದ್ದು ಎಂದು ನನ್ನ ಲೆಕ್ಕ.

ಎರಡನೇ ಸಲ ಹೀಗೆ ಮಾಡಿದೆ. ಏಂಜಲ್ ಮತ್ತು ಸಕ್ಕರನ್ನು ದೊಡ್ಡ ತೊಟ್ಟಿ ಇರುವ ಒಬ್ಬ ಪರಿಚಯದವರಿಗೆ ಕೊಟ್ಟು, ಅವರ ಸ್ಪಂಜು ಹಿಂಡಿಕೊಂಡು ಬಂದೆ. ಗಾಳಿ ಮೋಟರಿಗೇ ಸಿಕ್ಕಿಸುವ ಸ್ಪಂಜ್ ಫಿಲ್ಟರಿಗೆ 180 ರೂಪಾಯಿ. ಮೂರು ವಾರ ಕೊಟ್ಟಿಗೆ ತೊಟ್ಟಿಯ ಬೂದು ಗಪ್ಪಿ ಎರಡನ್ನು ಮಾತ್ರ ಬಿಟ್ಟು ನೋಡಿದೆ. ಆಮೇಲೆ ಆರು ಗಂಡು ಗಪ್ಪಿ, 120 ರೂಪಾಯಿ. ಇನ್ನೆರಡು ವಾರ ಬಿಟ್ಟು ನಾಲ್ಕು ಪ್ಲಾಟಿ, ಎರಡು ಕುಂಕುಮದ ಕೆಂಪು, ಎರಡು ಅರಿಶಿನ ಬಣ್ಣದವು, 100 ರೂಪಾಯಿ. ಕೊನೆಗೆ ಐದು ಜೀಬ್ರಾ ಡಾನಿಯೊ, 75 ರೂಪಾಯಿ. ಈ ಡಾನಿಯೊ ನಮ್ಮ ದೇಶದ್ದೇ ಮೀನು. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಮೊದಲು ವರ್ಣಿಸಿದ. ಈಗ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಗುಂಪಿನಲ್ಲಿದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡಿರುತ್ತವೆ. ಒಂದೋ ಎರಡೋ ತಂದರೆ ಬೇರೆ ಮೀನಿಗೆ ಕಾಟ ಕೊಡುತ್ತವೆ, ಹಾಗಾಗಿ ಐದಕ್ಕೆ ಕಡಿಮೆ ತರಬೇಡಿ. ಹಾಗೆಯೇ ಫೈಟರ್ ಮೀನನ್ನು ಗಪ್ಪಿಯ ಜೊತೆ ಬಿಡಬೇಡಿ, ಗಪ್ಪಿಯ ಬಾಲ ಕಂಡರೆ ಅದಕ್ಕೆ ಇನ್ನೊಂದು ಫೈಟರ್ ಕಂಡ ಹಾಗೆ.

“ಮಿಸ್ ಕೇರಳ” ಎಂದು ಕೆಂಪು ಪಟ್ಟಿಯ ಸುಂದರ ಮೀನೊಂದನ್ನು ಅಂಗಡಿಯಲ್ಲಿ ತೋರಿಸುತ್ತಾರೆ. ಅದು ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ, ಅಳಿವಿನಂಚಿನ ಪಟ್ಟಿಯಲ್ಲಿದೆ. ಹರಿಯುವ ನೀರಿನಲ್ಲಿ ಹಿಂಡಾಗಿ ಈಜುವ, ಅರ್ಧ ಅಡಿಯಷ್ಟು ಬೆಳೆಯುವ ಮೀನನ್ನು ಎರಡಡಿಯ ಗಾಜಿನಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ.

ಹನ್ನೊಂದು ತಿಂಗಳಾಯಿತು. ಕೊಂಡು ತಂದ ಹದಿನೈದು ಮೀನಿನಲ್ಲಿ ಸತ್ತದ್ದು ಎರಡು. ಮೀನಿಗೆ 295, ಆಹಾರದ ಮೂರು ಡಬ್ಬಿಗೆ 360, ಸ್ಪಂಜಿಗೆ 180, ಚಳಿಗಾಲಕ್ಕೆಂದು ತಂದ ಹೀಟರಿಗೆ 350, ಒಟ್ಟು 1,185 ರೂಪಾಯಿ. ತಿಂಗಳಿಗೆ 108 ಬಿದ್ದಂತಾಯಿತು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕುತ್ತೇನೆ. ತೆಗೆದ ನೀರು ಕರಿಬೇವಿನ ಬುಡಕ್ಕೆ.

ಕರೆಂಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾಲ್ಕು ವ್ಯಾಟಿನ ಮೋಟರು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಮೂರು ಯೂನಿಟ್ಟು ದಾಟುವುದಿಲ್ಲ. ಲೈಟು ಆರು ಗಂಟೆ ಉರಿದರೆ ಇನ್ನು ಒಂದೂವರೆ. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ನಿಗದಿಯಾದ ಉಚಿತ ಯೂನಿಟ್ಟಿನ ಒಳಗೇ ಇದು ಹಿಡಿಯಿತು. ಹೀಟರು ಮಾತ್ರ ಹಾಗಲ್ಲ. ಐವತ್ತು ವ್ಯಾಟಿನದು ದಿನದಲ್ಲಿ ಅರ್ಧ ಹೊತ್ತು ಉರಿದರೂ ತಿಂಗಳಿಗೆ ಹದಿನೆಂಟು ಯೂನಿಟ್ಟು. ಜನವರಿಯಲ್ಲಿ ನಮ್ಮ ಮಿತಿ ದಾಟಿ ಬಿಲ್ಲು ಬಂತು. ಈ ಸಲ ಹೀಟರಿನ ಬದಲು ತೊಟ್ಟಿಯನ್ನೇ ಕಿಟಕಿಯಿಂದ ಒಳಗೋಡೆಗೆ ಸರಿಸಿದ್ದೇನೆ. ಇನ್ನು ರಾತ್ರಿಯೆಲ್ಲ ಕರೆಂಟು ಹೋಗುವ ಊರು ನಮ್ಮದು. ಆಗ ಕಾಪಾಡುವುದು ಕಡಿಮೆ ಮೀನು. ಹದಿನೈದು ಮೀನಿಗೆ ಸಾಕಾಗುವ ಗಾಳಿ ನೀರಿನಲ್ಲಿ ಉಳಿದಿರುತ್ತದೆ, ಮೂವತ್ತು ಇದ್ದರೆ ಬೆಳಿಗ್ಗೆಗೆ ಎಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ.

ಸೊಳ್ಳೆಗೆ ಸ್ಪ್ರೇ ಹೊಡೆಯುವವರು ಮೀನಿನ ಕೋಣೆಯಲ್ಲಿ ಹೊಡೆಯಬಾರದು. ರೇಷ್ಮೆ ಮೇಯಿಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳುಮನೆಯ ಹತ್ತಿರ ಆ ವಾಸನೆಯನ್ನೇ ಅವರು ಬಿಟ್ಟುಕೊಳ್ಳುವುದಿಲ್ಲ, ಮೀನಿಗೂ ಅದೇ ವಿಷ.

ಪ್ಲಾಟಿಗಳು ಮರಿ ಹಾಕಿವೆ. ಅಂಗಡಿಯಿಂದ ಬರುವ ಹೆಣ್ಣು ಬಹುಪಾಲು ಬಸುರಿಯಾಗಿಯೇ ಬರುತ್ತದೆ. ಒಂದು ಸಂಜೆ ಜಲ್ಲಿಯ ಸಂದಿಯಲ್ಲಿ ರಾಗಿ ಕಾಳಿಗಿಂತ ಸಣ್ಣ ಎರಡು ಕಣ್ಣು, ಅದರ ಹಿಂದೆ ಕಂಡೂ ಕಾಣದ ಮೈ. ಮಗ ಉಸಿರು ಬಿಗಿಹಿಡಿದು ಹನ್ನೊಂದು ಎಣಿಸಿದ. ಇದನ್ನೇ ವ್ಯಾಪಾರ ಮಾಡಬಹುದಲ್ಲ ಎಂದು ನಮ್ಮ ಮೈದುನ ಲೆಕ್ಕ ಹಾಕಿದ್ದಾನೆ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿ ಮಾಡಿದ್ದರು. ಸಾಮಾನ್ಯ ವರ್ಗಕ್ಕೆ ಅದರಲ್ಲಿ ಶೇ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 60 ಸಹಾಯಧನ. ಶೇ 60 ಅಂದರೂ ಉಳಿದ 1 ಲಕ್ಷದ 20 ಸಾವಿರ ನಮ್ಮದೇ. ನಾನು ಅವನಿಗೆ ಹೇಳಿದ್ದು, ಮೊದಲು ಹೆಸರಘಟ್ಟದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರಕ್ಕೆ ಒಂದು ದಿನ ಹೋಗಿ ಕೇಳಿಕೊಂಡು ಬಾ, ಆಮೇಲೆ ನಿನ್ನ ಮರಿಯನ್ನು ಯಾವ ಅಂಗಡಿಯವರು, ಎಷ್ಟಕ್ಕೆ, ತಿಂಗಳಿಗೆ ಎಷ್ಟು ಕೊಳ್ಳುತ್ತಾರೆಂದು ಬರೆಸಿಕೊಂಡು ಬಾ, ಸಾಲದ ಅರ್ಜಿ ಅದಾದ ಮೇಲೆ. ನನ್ನ ಅನುಭವ ಇಷ್ಟು: ಬೆಳೆದ ನಲವತ್ತು ಮರಿಗಳನ್ನು ಕೊಟ್ಟದ್ದಕ್ಕೆ ಅಂಗಡಿಯವರು ದುಡ್ಡು ಕೊಡಲಿಲ್ಲ, ಒಂದು ಡಬ್ಬಿ ಆಹಾರ ಕೊಟ್ಟರು. ಮನೆಯ ತೊಟ್ಟಿಯ ಮಟ್ಟಿಗೆ ನನಗೆ ಅದು ನ್ಯಾಯವಾದ ಬೆಲೆಯೇ.

ಈಚೆಗೊಂದು ದಿನ ಎದುರು ಮನೆಯ ಹುಡುಗಿ ಕವರಿನಲ್ಲಿ ನಿಯಾನ್ ಹಿಡಿದು ಬಸ್ಸಿಳಿದು ಬರುತ್ತಿದ್ದಳು. ಮನೆಗೆ ಕರೆದು, ಅವಳ ನಿಯಾನ್‌ಗಳಿಗೆ ಒಂದು ಬಕೆಟ್ಟಿನಲ್ಲಿ ಜಾಗ ಮಾಡಿಕೊಟ್ಟೆ. ಅಂಗಡಿಯವರು ವಾಪಸು ತೆಗೆದುಕೊಂಡರೆ ಸರಿ. ನಮ್ಮ ಪ್ಲಾಟಿ ಮರಿ ಆರು ಅವಳಿಗೆಂದು ಮಗ ಬೇರೆ ಮಾಡಿಟ್ಟಿದ್ದಾನೆ. ಅವಳ ತೊಟ್ಟಿಯ ನೀರಿಗೆ ಸ್ಪಂಜು ಹಿಂಡಿ ಇವತ್ತಿಗೆ ಒಂಬತ್ತು ದಿನ, ಇನ್ನೂ ಎರಡು ವಾರ ಕಾಯಬೇಕು ಎಂದು ದಿನಾ ಸಂಜೆ ಬಂದು ನೋಡಿಕೊಂಡು ಹೋಗುತ್ತಾಳೆ.